ನಿಂತಮ್ಮನ ಎಡಗೈ

ನಮ್ಮ ಜೆಟ್ಟಿಯಲ್ಲಿ ಒಂದು ಗಂಟೆ ಇದೆ. ಮಂಜು ಕವಿದ ದಿನ ಅದನ್ನು ಬಾರಿಸಬೇಕು. ಬಾರಿಸಿದರೆ "ದಡ ಇಲ್ಲಿದೆ, ಬಾ" ಎಂದು ಅರ್ಥ. "ಬರಬೇಡ" ಎನ್ನುವುದಕ್ಕೆ ನಮ್ಮಲ್ಲಿ ಗಂಟೆ ಇಲ್ಲ. ನಮ್ಮಪ್ಪನ ಕಾಲದಿಂದಲೂ ಇಲ್ಲ. ದಡಕ್ಕೆ ಬರುವವರನ್ನು ಬರಬೇಡ ಎನ್ನುವ ಪ್ರಸಂಗ ಬಂದೀತು ಎಂದು ಯಾವ ಮಹಾರಾಯನಿಗೂ ಹೊಳೆದಿರಲಿಲ್ಲ.

ನಾನು ಇಲ್ಲಿ ಹಗ್ಗ ಹಿಡಿಯುವವಳು. ಲಾಂಚು ದಡಕ್ಕೆ ಬಂದಾಗ ಎಸೆದ ಹಗ್ಗವನ್ನು ಹಿಡಿದು ಗೂಟಕ್ಕೆ ಸುತ್ತುವುದು, ಎಂಜಿನ್ನಿಗೆ ಎಣ್ಣೆ ಬಿಡುವುದು, ಗಂಟೆ ಬಾರಿಸುವುದು, ಸಾಲು ತಪ್ಪಿಸಿ ನುಗ್ಗುವವರ ಜನ್ಮ ಜಾಲಾಡುವುದು ನನ್ನ ಕೆಲಸ. ಕೊನೆಯದಕ್ಕೆ ಯಾರೂ ಸಂಬಳ ಕೊಡುವುದಿಲ್ಲ, ನಾನೇ ಪ್ರೀತಿಯಿಂದ ಮಾಡುತ್ತೇನೆ. ನನ್ನ ಬಾಯಿ ದೊಡ್ಡದು ಎಂದು ಊರೆಲ್ಲ ಹೇಳುತ್ತದೆ. ಎಂಜಿನ್ನಿನ ಪಕ್ಕ ನಿಂತು ಪಿಸುಗುಟ್ಟಿದರೆ ಯಾರಿಗೆ ಕೇಳುತ್ತದೆ, ನೀವೇ ಹೇಳಿ. ಚುಕ್ಕಾಣಿ ಹಿಡಿಯುವವನು ನನ್ನ ಅಣ್ಣ. ಅವನ ಬಾಯಲ್ಲಿ ದಿನಕ್ಕೆ ನಾಲ್ಕು ಮಾತು ಬಂದರೆ ಹೆಚ್ಚು. ಮನೆಗೆ ಬೇಕಾದ ಮಾತನ್ನೆಲ್ಲ ನಾನೇ ಆಡಿ ಮುಗಿಸುತ್ತೇನೆ ಎಂದು ಅವನ ದೂರು.

ಜೆಟ್ಟಿಯ ಪಕ್ಕದ ಬಂಡೆಗುಡ್ಡದ ಮೇಲೆ ನಿಂತಮ್ಮ ಇದ್ದಾಳೆ. ಹಿಂದೆ ಯಾವಾಗಲೋ ಬಂದ ಮಹಾಪೂರದಲ್ಲಿ ಕೊಚ್ಚಿಹೋದವರ ನೆನಪಿಗೆ ಕಬ್ಬಿಣದ ಹಂದರ ಕಟ್ಟಿ, ಮೇಲೆ ತಾಮ್ರದ ತಗಡು ಹೊದಿಸಿ ಮಾಡಿದ ಹೆಂಗಸಿನ ಪ್ರತಿಮೆ. ಅವಳ ಹೆಬ್ಬೆರಳಿನ ಮೇಲೆ ಒಬ್ಬರು ಆರಾಮವಾಗಿ ಕೂರಬಹುದು, ಅಷ್ಟು ದೊಡ್ಡದು. ಬುಡದ ಫಲಕದಲ್ಲಿ ಕೆತ್ತಿರುವ ಹೆಸರು ಬೇರೆ, "ಪ್ರವಾಹ ಸ್ಮೃತಿ" ಎಂದೇನೋ ಇದೆ. ಹಾಗೆಂದು ಕರೆದವರನ್ನು ನಾನಂತೂ ಕಂಡಿಲ್ಲ. ಬಲಗೈ ಎದೆಯ ಮೇಲೆ, ಎಡಗೈ ತಲೆಯ ಪಕ್ಕಕ್ಕೆ ಎತ್ತಿದೆ. ಬಂದವರಿಗೆಲ್ಲ ಆ ಕೈಯ ಬಗ್ಗೆ ಒಂದೊಂದು ವ್ಯಾಖ್ಯಾನ. ಸತ್ತವರನ್ನು ಕರೆಯುತ್ತಿದ್ದಾಳೆ ಎನ್ನುತ್ತಾರೆ ಓದಿದವರು. ಬಸ್ಸಿಗೆ ಕೈ ತೋರಿಸುತ್ತಿದ್ದಾಳೆ ಎನ್ನುತ್ತಾರೆ ನಮ್ಮ ಪಡ್ಡೆಗಳು.

ನಮಗೆ ಆ ಕೈ ದಾರಿ. ನದಿಯ ನಡುವೆ, ನಮ್ಮ ದಡಕ್ಕೆ ಹತ್ತಿರವಾಗಿ, ನೀರಿನ ಕೆಳಗೆ ಬಂಡೆಗಳ ಸಾಲು ಇದೆ. ಅದಕ್ಕೆ ದವಡೆ ಎನ್ನುತ್ತೇವೆ. ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಹಲ್ಲು. ಆಚೆ ದಡದಿಂದ ಹೊರಟಾಗ ನಿಂತಮ್ಮನ ಎಡಗೈ ತಲೆಯ ಪಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. ಲಾಂಚು ಮುಂದೆ ಬಂದಂತೆ ಕೈ ಸ್ವಲ್ಪ ಸ್ವಲ್ಪವೇ ತಲೆಯ ಹಿಂದಕ್ಕೆ ಸರಿಯುತ್ತದೆ. ಪೂರ್ತಿ ಮರೆಯಾಯಿತೋ, ದವಡೆ ದಾಟಿತು ಎಂದು ಲೆಕ್ಕ, ಆಗ ಜೆಟ್ಟಿಯ ಕಡೆ ತಿರುಗಿಸಬೇಕು. "ಕೈ ಕಂಡರೆ ನಡಿ, ಕೈ ಅಡಗಿದರೆ ತಿರುಗು." ನಮ್ಮ ಮನೆಯ ಮಕ್ಕಳಿಗೆ ಮಗ್ಗಿಗಿಂತ ಮುಂಚೆ ಇದನ್ನು ಕಲಿಸುತ್ತಾರೆ. ಮಂಜಿನ ದಿನ ಇದು ಇನ್ನೂ ಮುಖ್ಯ. ಮಂಜು ನೀರಿನ ಮೇಲೆ ಹಾಸಿಕೊಂಡು ಮಲಗಿರುತ್ತದೆ, ಜೆಟ್ಟಿ ಕಾಣದು, ದಡ ಕಾಣದು, ನಿಂತಮ್ಮ ಮಾತ್ರ ಸೊಂಟದಿಂದ ಮೇಲಕ್ಕೆ ಕಾಣುತ್ತಾಳೆ.

ಆ ಕೈ ಬಿರುಕು ಬಿಟ್ಟಿತ್ತು. ಭುಜದ ಹತ್ತಿರ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ ಎಂದು ರಿಪೇರಿಯವರು ಬಂದು ಸುತ್ತ ಸಾರುವೆ ಕಟ್ಟಿದರು. ಎರಡು ತಿಂಗಳಿಂದ ಅವಳು ಬಿದಿರಿನ ಪಂಜರದಲ್ಲಿದ್ದಳು. ಮುಂದಿನ ವಾರ ಕೈ ಬಿಚ್ಚಿ ಕಾರ್ಖಾನೆಗೆ ಒಯ್ಯುತ್ತೇವೆ ಎಂದು ಎಂಜಿನಿಯರಮ್ಮ ಖುದ್ದು ಜೆಟ್ಟಿಗೆ ಬಂದು ಹೇಳಿ ಹೋಗಿದ್ದಳು. ಪಾಪ, ಒಳ್ಳೆಯ ಹುಡುಗಿ. ಅಣ್ಣ ಅದಕ್ಕೆಂದೇ ಉದ್ದನೆಯ ಕಂಬಕ್ಕೆ ಸುಣ್ಣ ಬಳಿದು ಸಿದ್ಧ ಮಾಡಿಟ್ಟಿದ್ದ. ಕೈ ಇಳಿಯುವ ಹಿಂದಿನ ದಿನ ಅದನ್ನು ದಡದಲ್ಲಿ ನೆಟ್ಟು, ಕೈಯ ಬದಲು ಕಂಬ ನೋಡಿಕೊಂಡು ಬರುವುದು ಎಂದು ಮಾತಾಗಿತ್ತು. ಮುಂದಿನ ವಾರ ತಾನೇ ಎಂದು ಕಂಬ ಗೋಡೆಗೆ ಒರಗಿಕೊಂಡೇ ಇತ್ತು.

ಲಾಂಚು ಒಂದು ರಾತ್ರಿ ನಮ್ಮ ದಡದಲ್ಲಿ ಮಲಗಿದರೆ ಇನ್ನೊಂದು ರಾತ್ರಿ ಆಚೆ ದಡದಲ್ಲಿ. ನಾನು ಹೇಳುತ್ತಿರುವ ಆ ರಾತ್ರಿ ಅದು ಆಚೆ ದಡದಲ್ಲಿತ್ತು, ಅಣ್ಣನೂ ಅಲ್ಲೇ ಇದ್ದ. ನನ್ನ ಮಗಳೂ ಅಲ್ಲೇ. ಆಚೆಯ ಬಟ್ಟೆ ಗಿರಣಿಯಲ್ಲಿ ಅವಳಿಗೆ ಆ ವಾರ ರಾತ್ರಿ ಪಾಳಿ. ಬೆಳಿಗ್ಗೆ ಮೊದಲ ಲಾಂಚಿಗೆ ಬಂದು, ಉಂಡು, ಸೂರ್ಯ ನೆತ್ತಿಗೆ ಬರುವವರೆಗೂ ಕುಂಭಕರ್ಣನ ಹಾಗೆ ಬಿದ್ದುಕೊಳ್ಳುತ್ತಾಳೆ.

ನಾನು ಜೆಟ್ಟಿಯ ಬೀಗ ತೆಗೆಯುವಾಗ ಬೆಳಕು ಆಗಷ್ಟೇ ಹರಿದಿತ್ತು. ಮಂಜೋ ಮಂಜು. ನನ್ನ ಕಾಲು ನನಗೇ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಮಗಳ ಫೋನು ಬಂತು.

"ಅಮ್ಮಾ, ಲಾಂಚು ಹತ್ತಿದೆ. ಟಿಕೆಟಿನವನು ಹಗ್ಗ ಬಿಚ್ತಾ ಇದ್ದಾನೆ."

"ಮಂಜು ಹೇಗಿದೆ ಅಲ್ಲಿ?"

"ಹಾಲು ಚೆಲ್ಲಿದ ಹಾಗಿದೆ. ಜನ ತುಂಬ ಇದ್ದಾರೆ, ಕೂರೋಕೂ ಜಾಗ ಇಲ್ಲ. ಹೊಟ್ಟೆ ಹಸೀತಿದೆ ಅಮ್ಮಾ."

"ಬಾ ಬಾ. ನಿನ್ನ ಹೊಟ್ಟೆ ಯಾವಾಗ ಹಸಿದಿಲ್ಲ ಹೇಳು," ಎಂದು ನಕ್ಕು ಇಟ್ಟೆ. ಗಂಟೆ ಬಾರಿಸಲು ತಿರುಗಿದೆ. ಆಗ ಗುಡ್ಡದ ಮೇಲಿನ ಮಂಜು ಸರಿಯಿತು. ಅಭ್ಯಾಸಬಲ, ತಲೆ ಎತ್ತಿ ನೋಡಿದೆ.

ಕೈ ಇರಲಿಲ್ಲ.

ಮೊದಲು ಮಂಜು ಮುಚ್ಚಿದೆ ಎಂದುಕೊಂಡೆ. ಕಣ್ಣು ಉಜ್ಜಿಕೊಂಡೆ. ತಲೆ ಇದೆ, ಭುಜ ಇದೆ, ಭುಜದಲ್ಲಿ ಒಂದು ಕಪ್ಪು ತೂತು ಇದೆ. ಪಕ್ಕದಲ್ಲಿ ಕ್ರೇನಿನ ಕತ್ತು.

ನಿನ್ನೆ ಸಂಜೆ ಕೊನೆಯ ಲಾಂಚು ಹೋದ ಮೇಲೆ, ನಾನು ಮನೆಗೆ ಹೋದ ಮೇಲೆ, ಇಳಿಸಿದ್ದಾರೆ. ಅಣ್ಣನಿಗೆ ಗೊತ್ತಿಲ್ಲ. ಅವನು ಅರ್ಧ ನದಿ ಕುರುಡನಾಗಿ ಬರುತ್ತಾನೆ, ಮಂಜಿನ ಮೇಲೆ ನಿಂತಮ್ಮ ಕಾಣುತ್ತಾಳೆ, ಕೈ ಕಾಣುವುದಿಲ್ಲ. ಕೈ ಕಾಣದಿದ್ದರೆ ಅವನಿಗೆ ಒಂದೇ ಅರ್ಥ: ಸೆಳವು ಲಾಂಚನ್ನು ಮುಂದೆ ತಳ್ಳಿಬಿಟ್ಟಿದೆ, ತಿರುಗುವ ಜಾಗ ಆಗಲೇ ದಾಟಿದೆ. ಯೋಚಿಸಲು ನಿಲ್ಲುವುದಿಲ್ಲ. ನಾನಾದರೂ ನಿಲ್ಲುತ್ತಿರಲಿಲ್ಲ. ಕಂಡ ಕೂಡಲೇ ತಿರುಗಿಸುತ್ತಾನೆ, ನೆಟ್ಟಗೆ ದವಡೆಯ ಮೇಲೆ. ತುಂಬಿದ ಲಾಂಚು. ಅದರೊಳಗೆ ಹಸಿದ ನನ್ನ ಮಗಳು.

ಮಗಳಿಗೆ ಫೋನು ಮಾಡಿದೆ. "ನೀವು ಕರೆ ಮಾಡುತ್ತಿರುವ ಚಂದಾದಾರರು..." ಎಂದು ಆ ಹೆಂಗಸು ಶುರುಮಾಡಿದಳು. ನದಿಯ ಮೇಲೆ ಸಿಗ್ನಲ್ ಸಿಗುವುದಿಲ್ಲ. ಗೊತ್ತಿದ್ದೂ ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಅಣ್ಣನ ಫೋನು ಹೋದ ವಾರ ನೀರಿಗೆ ಬಿದ್ದಿತ್ತು, ಹೊಸದು ತೆಗೆದುಕೋ ಎಂದರೆ ಪೀಡೆ ತೊಲಗಿತು ಎಂದಿದ್ದ. ಆಚೆ ದಡದ ಟಿಕೆಟಿನವನಿಗೆ ಮಾಡಿದೆ.

"ನಿಲ್ಸೋ! ಲಾಂಚು ನಿಲ್ಸು!"

"ಎಲ್ಲಿ ನಿಲ್ಸಲಿ ಅಕ್ಕಾ? ಆಗ್ಲೇ ಹೋಯ್ತು. ಸದ್ದೂ ಕೇಳಿಸ್ತಿಲ್ಲ."

"ಕೂಗೋ ನಿನ್ನ!"

"ಯಾರಿಗೆ ಕೂಗ್ಲಿ? ಏನಾಯ್ತು ಅಂತ ಹೇಳಿ ಮೊದ್ಲು."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅವನದೇನು ತಪ್ಪು? ಗಂಟೆಯ ಹಗ್ಗ ಹಿಡಿದು ಹುಚ್ಚಿಯ ಹಾಗೆ ಎಳೆದೆ. ಎರಡು ಸಲ ಬಡಿದ ಮೇಲೆ ಹಾವು ಮುಟ್ಟಿದಂತೆ ಕೈ ಬಿಟ್ಟೆ. ಏನು ಹೇಳುತ್ತಿದ್ದೇನೆ ನಾನು? ಬಾ, ಬಾ, ಬೇಗ ಬಾ ಎಂದು!

ಗುಡ್ಡ ಹತ್ತಿ ಓಡಿದೆ. ಲಾಂಚು ನದಿ ದಾಟಲು ಒಂದು ಬಕೆಟ್ ಬಟ್ಟೆ ಒಗೆದು ಹಿಂಡುವಷ್ಟು ಹೊತ್ತು ಬೇಕು. ಮಂಜಿನಲ್ಲಿ ಸ್ವಲ್ಪ ಹೆಚ್ಚು. ಅದರಲ್ಲಿ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಲೆಕ್ಕ ಹಾಕಲು ತಲೆ ಓಡಲಿಲ್ಲ. ಚಪ್ಪಲಿ ಎಲ್ಲಿ ಬಿತ್ತೋ.

ಮೇಲೆ ಕೆಲಸದವರು ಬೆಂಕಿ ಕಾಯಿಸಿಕೊಳ್ಳುತ್ತ ಕೂತಿದ್ದರು. ಎಂಜಿನಿಯರಮ್ಮ ಶೆಡ್ಡಿನ ಮುಂದೆ ಹಲ್ಲುಜ್ಜುತ್ತಿದ್ದಳು. ಕೈ ನೆಲದ ಮೇಲೆ ಮಲಗಿತ್ತು, ಅಂಗೈ ಮೇಲಾಗಿ, ಒಂದು ಮನೆಯಷ್ಟು ಉದ್ದ. ಅದನ್ನು ಒಯ್ಯಲು ಲಾರಿ ಬರುವುದಿತ್ತು, ಹಾಗಾಗಿ ಸುತ್ತಿದ ಬೆಲ್ಟುಗಳನ್ನೂ ಕ್ರೇನಿನ ಕೊಕ್ಕೆಯನ್ನೂ ಬಿಚ್ಚಿರಲಿಲ್ಲ. ಅದನ್ನು ನೋಡಿದ್ದೇ ನನ್ನ ಬಾಯಿಂದ ಮಾತು ಹೊರಬಿತ್ತು.

"ಎತ್ತಿ! ಕೈ ಎತ್ತಿ ಮೇಲಕ್ಕೆ!"

ಕೂತಿದ್ದವರಲ್ಲಿ ಒಬ್ಬ ತನ್ನ ಎರಡೂ ಕೈ ಮೇಲೆತ್ತಿದ. ದೇವರಾಣೆಗೂ ಎತ್ತಿದ! ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

"ನಿಂದಲ್ವೋ ಪುಣ್ಯಾತ್ಮ, ಅವಳದ್ದು!"

ಎಂಜಿನಿಯರಮ್ಮ ಬಾಯಿಯ ನೊರೆ ಉಗುಳಿ ಬಂದಳು. "ಏನಾಯ್ತು ಅಕ್ಕಾ? ಕೂತ್ಕೊಳ್ಳಿ ಮೊದ್ಲು."

"ಮುಂದಿನ ವಾರ ಅಂದಿದ್ಯಲ್ಲ ತಾಯಿ? ಯಾಕೆ ಇಳಿಸ್ದೆ? ಯಾರಿಗೆ ಹೇಳಿ ಇಳಿಸ್ದೆ?"

"ಗಾಳಿ ಏಳುತ್ತೆ ಅಂತ ಸುದ್ದಿ ಬಂತು. ಬಿರುಕು ಒಂದೇ ದಿನಕ್ಕೆ ದೊಡ್ಡದಾಗಿತ್ತು. ಬಿದ್ರೆ ಕೆಳಗಿನ ದಾರೀಲಿ ಓಡಾಡೋರ ಗತಿ ಏನು? ಕೊನೇ ಲಾಂಚು ಹೋಗಲಿ ಅಂತ ಕಾದೇ ಇಳಿಸಿದ್ವಿ. ಬೆಳಿಗ್ಗೆ ಮೊದಲ ಲಾಂಚು ಬಿಡೋಕೆ ಮುಂಚೆ ಬಂದು ಹೇಳೋಣ ಅಂತಿದ್ದೆ."

"ಮೊದಲ ಲಾಂಚು ಇಲ್ಲಿಂದ ಬಿಡಲ್ಲ ಇವತ್ತು! ಅಲ್ಲಿಂದ ಬಿಟ್ಟಾಯ್ತು! ಬರ್ತಾ ಇದೆ!"

ಅವಳ ಕೈಯಿಂದ ಬ್ರಷ್ಷು ಬಿತ್ತು. ಬುದ್ಧಿವಂತೆ, ಬಿಡಿಸಿ ಹೇಳಬೇಕಾಗಲಿಲ್ಲ. ಜೆಟ್ಟಿಯಲ್ಲಿ ಕೂತು ಅಣ್ಣನ ಹತ್ತಿರ ದವಡೆಯ ಕಥೆಯನ್ನೆಲ್ಲ ಕೇಳಿಸಿಕೊಂಡಿದ್ದವಳು. ನದಿಯ ಕಡೆ ನೋಡಿದಳು. ಕೈಯ ಕಡೆ ನೋಡಿದಳು.

ಕ್ರೇನಿನವನು ದಪ್ಪ ಮನುಷ್ಯ, ಕ್ಯಾಬಿನ್ನಿನಿಂದ ಇಳಿಯದೆಯೇ ಹೇಳಿದ: "ಆಗಲ್ಲ ಮೇಡಂ. ಇಳಿಸುವಾಗ್ಲೇ ಬೆಲ್ಟು ಕಿರ್ ಅಂತಿತ್ತು. ಗಾಳಿ ಬೇರೆ. ಬಿರುಕು ಬಿಟ್ಟ ಕೈ ಇನ್ನೊಂದು ಸಲ ತಡೆಯಲ್ಲ. ನನ್ನ ತಲೆ ಮೇಲೇ ಬಿದ್ರೆ?"

"ಬಿದ್ರೆ ಕಬ್ಬಿಣ ಬೀಳುತ್ತೆ ಕಣಪ್ಪಾ. ಏಳದಿದ್ರೆ ನನ್ನ ಮಗಳು ಮುಳುಗ್ತಾಳೆ," ಎಂದೆ. ಬೈಯಬೇಕೆಂದಿದ್ದೆ. ಬೈಗುಳ ಒಂದೂ ಬಾಯಿಗೆ ಬರಲಿಲ್ಲ, ಅಳು ಬಂತು. ಊರಿಗೆಲ್ಲ ಬೈದವಳಿಗೆ ಬೇಕಾದಾಗ ಒಂದು ಬೈಗುಳ ಸಿಗಲಿಲ್ಲ ನೋಡಿ.

ಎಂಜಿನಿಯರಮ್ಮ ಅವನ ಕಡೆ ತಿರುಗಿದಳು. "ಎತ್ತಿ. ನಾನು ಹೇಳ್ತಿದೀನಿ. ನಿಧಾನಕ್ಕೆ ಎತ್ತಿ, ಕೆಳಗೆ ಯಾರೂ ನಿಲ್ಲಬೇಡಿ." ಆಮೇಲೆ ನನಗೆ: "ಬರೀ ಎತ್ತಿದ್ರೆ ಸಾಲದು ಅಕ್ಕಾ, ಗಾಳಿಗೆ ಬುಗುರಿ ಥರ ತಿರುಗುತ್ತೆ. ಭುಜಕ್ಕೆ ಸರಿಯಾಗಿ ಹಿಡ್ಕೋಬೇಕು. ಎರಡೂ ತುದಿಗೆ ಹಗ್ಗ ಇದೆ. ಆದ್ರೆ ಮೇಲೆ ನಿಂತು ಹಿಡಿಯೋರು..."

"ಹಗ್ಗ ನನಗೆ ಬಿಡು," ಎಂದು ಒಂದು ಹಗ್ಗದ ತುದಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸಾರುವೆ ಹತ್ತತೊಡಗಿದೆ.

ನನಗೆ ಎತ್ತರ ಎಂದರೆ ಆಗದು. ಮನೆಯ ಅಟ್ಟ ಹತ್ತಲೂ ಮಗಳನ್ನು ಕೂಗುತ್ತೇನೆ. ಅವತ್ತು ಹೇಗೆ ಹತ್ತಿದೆನೋ, ಬಿದಿರು ಕಾಲಡಿ ಕಿರುಗುಟ್ಟಿದ್ದು ಮಾತ್ರ ನೆನಪಿದೆ. ಭುಜದ ಹತ್ತಿರದ ಹಲಗೆಯ ಮೇಲೆ ನಿಂತಾಗ ಕೆಳಗೆ ನದಿ ಇರಲಿಲ್ಲ. ಅರಳೆ ಹಾಸಿದ ಹಾಗೆ ಬಿಳಿ. ಅದರೊಳಗಿಂದ ಎಲ್ಲೋ ಎಂಜಿನ್ನಿನ ಸದ್ದು ಬರುತ್ತಿತ್ತು. ಆ ಎಂಜಿನ್ನನ್ನು ಎಷ್ಟು ಸಲ ಬಿಚ್ಚಿ ಜೋಡಿಸಿದ್ದೇನೆ. ಅದರ ಕೆಮ್ಮು ಕೂಡ ನನಗೆ ಗೊತ್ತು. ನೆಟ್ಟಗೆ ಬರುತ್ತಿದೆ, ಇನ್ನೂ ನೆಟ್ಟಗೆ ಬರುತ್ತಿದೆ. ಬರಲಿ, ಅವನಿಗೆ ಇನ್ನೂ ಇವಳು ಕಾಣದಿರಲಿ. ಬೆಳಿಗ್ಗೆಯಿಂದ ಬೈದ ಮಂಜಿಗೆ ಈಗ ಕೈಮುಗಿದೆ. ಇನ್ನೊಂದು ಚೂರು ಕವಿದಿರು ತಾಯಿ.

ಕೆಳಗೆ ಕ್ರೇನು ಗುರುಗುಟ್ಟಿತು. ಕೈ ನೆಲ ಬಿಟ್ಟಿತು. ಬೆಲ್ಟು ಕಿರ್ ಎಂದಿತು. ಒಬ್ಬ ಕೆಲಸದವನು ಆಚೆ ತುದಿಯ ಹಗ್ಗ ಹಿಡಿದು ನನ್ನ ಎದುರಿನ ಹಲಗೆಗೆ ಬಂದಿದ್ದ, ಅದೇ ಕೈ ಎತ್ತಿದ ಆಸಾಮಿ. ಅವನ ಮುಖ ಬೂದಿಯಾಗಿತ್ತು. ನನ್ನದು ಹೇಗಿತ್ತೋ.

ಕೈ ಇನ್ನೂ ನಿಂತಮ್ಮನ ಸೊಂಟದ ಹತ್ತಿರ ಇರುವಾಗ ಎಂಜಿನ್ನಿನ ಸದ್ದು ಇಳಿಯಿತು.

ತಿರುಗಿಸುವಾಗ ಅಣ್ಣ ಎಂಜಿನ್ನಿನ ವೇಗ ಇಳಿಸುತ್ತಾನೆ. ಅವನಿಗೆ ಅವಳು ಕಂಡಳು. ಕೈ ಇಲ್ಲದೆ ಕಂಡಳು. ತಿರುಗಿಸುತ್ತಿದ್ದಾನೆ.

"ಬೇಡ್ವೋ ಅಣ್ಣಾ!" ಎಂದು ಕಿರುಚಿದೆ. ಹೊಟ್ಟೆಯೊಳಗಿನ ಕರುಳೆಲ್ಲ ಕಿತ್ತುಬರುವ ಹಾಗೆ ಕಿರುಚಿದೆ. ಊರಿಗೆಲ್ಲ ಕೇಳುವ ನನ್ನ ಬಾಯಿ ಆ ಬಿಳುಪಿನಲ್ಲಿ ಎಲ್ಲಿ ಹೋಯಿತೋ. ಕೈ ಏರಿತು, ಸೊಂಟ ದಾಟಿತು, ಎದೆಗೆ ಬಂತು, ಗಾಳಿಗೆ ಸಿಕ್ಕಿ ಒಮ್ಮೆ ಸುತ್ತಿತು. ನಾನು ಹಗ್ಗವನ್ನು ಬಿದಿರಿಗೆ ಎರಡು ಸುತ್ತು ಹಾಕಿದೆ, ಲಾಂಚಿನ ಹಗ್ಗವನ್ನು ಗೂಟಕ್ಕೆ ಸುತ್ತುವ ಹಾಗೆಯೇ, ಮೈಭಾರ ಹಿಂದಕ್ಕೆ ಬಿಟ್ಟು ಎಳೆದೆ. ಹಗ್ಗ ಅಂಗೈಯಲ್ಲಿ ಜಾರಿತು. ಚರ್ಮ ಸುಟ್ಟ ವಾಸನೆ ಬಂತು ಎಂದರೆ ನಂಬುತ್ತೀರೋ ಇಲ್ಲವೋ.

"ಇನ್ನೂ ಮೇಲೆ! ನನ್ನ ಕಡೆಗೆ! ಹಾಂ, ಹಿಡೀರಿ, ಹಿಡೀರಿ!" ಎಂಜಿನಿಯರಮ್ಮ ಕೆಳಗಿಂದ ಕೂಗುತ್ತಿದ್ದಳು.

ಭುಜದ ತೂತಿಗೆ ಕೈಯ ಬುಡ ಬಂದು ಎದುರಾಯಿತು. ಪೂರ್ತಿ ಕೂಡಲಿಲ್ಲ, ನಡುವೆ ಒಬ್ಬರು ತೂರುವಷ್ಟು ಸಂದು. ಗಾಳಿ ಬಂದಾಗಲೆಲ್ಲ ನಡುಗುತ್ತಿತ್ತು. ಆದರೆ ದೂರದಿಂದ ನೋಡಿದವರಿಗೆ ನಿಂತಮ್ಮನ ಎಡಗೈ ಇತ್ತು.

ಕೆಳಗೆ ಎಂಜಿನ್ನು ಸಣ್ಣಗೆ ಗುಟುರು ಹಾಕುತ್ತಲೇ ಇತ್ತು. ಆಮೇಲೆ ಒಂದು ಸದ್ದು ಕೇಳಿಸಿತು, ತಗಡನ್ನು ಕಲ್ಲಿಗೆ ಉಜ್ಜಿದ ಹಾಗೆ, ಉದ್ದಕ್ಕೆ. ನನಗೆ ಹಗ್ಗ ಬಿಡಬಾರದು ಎನ್ನುವುದೊಂದೇ ಗೊತ್ತಿತ್ತು. ಮುಗಿಯಿತೋ ಇಲ್ಲವೋ, ಹಗ್ಗ ಮಾತ್ರ ಬಿಡಬಾರದು.

ಎಂಜಿನ್ನು ಒಮ್ಮೆಲೇ ಅರಚಿತು. ಪೂರ್ತಿ ಹಿಂದಕ್ಕೆ ಹಾಕಿದ್ದಾನೆ. ಆಮೇಲೆ ಸದ್ದು ತಿಳಿಯಾಯಿತು. ಮತ್ತೆ ಮುಂದಕ್ಕೆ. ನೆಟ್ಟಗೆ. ನಿಧಾನವಾಗಿ, ನೆಲ ತಡಕುವ ಕುರುಡನ ಹಾಗೆ ನೆಟ್ಟಗೆ. ಹೋಗು ಅಣ್ಣಾ, ಕೈ ಕಂಡರೆ ನಡಿ, ಕೈ ಕಾಣ್ತಿದೆ ತಾನೇ, ನಡಿ. ಎದುರಿನ ಹಲಗೆಯವನು ಏನೋ ಗೊಣಗುತ್ತಿದ್ದ, ಕಿವಿಗೊಟ್ಟರೆ ಅವನೂ ಅದನ್ನೇ ಹೇಳುತ್ತಿದ್ದ, "ನಡಿ, ನಡಿ" ಎಂದು. ನನ್ನ ಬಾಯಿಂದ ಗಟ್ಟಿಯಾಗಿಯೇ ಬಂದಿತ್ತೇನೋ.

ಮತ್ತೆ ಸದ್ದು ಇಳಿಯಿತು. ಈ ಸಲ ಇಳಿಯಬೇಕಾದ ಕಡೆಯಲ್ಲೇ. ಸ್ವಲ್ಪ ಹೊತ್ತಿಗೆ ಜೆಟ್ಟಿಯ ಹತ್ತಿರ ಹಾರನ್ನು ಕೂಗಿತು, ಒಮ್ಮೆ, ಎರಡು ಸಲ, ಆಮೇಲೆ ಸಿಟ್ಟಿನಿಂದ ಬಿಡದೆ.

"ಅಕ್ಕಾ, ಇಳಿಸ್ಲಾ?" ಕ್ರೇನಿನವನು ಕೂಗಿದ.

ಬೆರಳು ಬಿಡಿಸಲು ಬರಲಿಲ್ಲ. ಎದುರಿನವನು ತನ್ನ ಹಗ್ಗ ಕಟ್ಟಿ ಬಂದು ಒಂದೊಂದೇ ಬೆರಳು ಬಿಡಿಸಿದ.

ನಾನು ಜೆಟ್ಟಿಗೆ ಬರುವಷ್ಟರಲ್ಲಿ ಜನ ಇಳಿಯುತ್ತಿದ್ದರು. "ಇವತ್ತೇನು ಇಷ್ಟು ತಡ?" ಎಂದು ಒಬ್ಬ ನನ್ನನ್ನೇ ಗದರಿಸಿ ಹೋದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು. ಜನ ಇಳಿದು ಹಗುರಾಗಿ ಮೇಲೆದ್ದ ಲಾಂಚಿನ ಮಗ್ಗುಲಲ್ಲಿ, ನೀರಿಗೆ ಒಂದು ಗೇಣು ಮೇಲೆ, ಹಸಿರು ಬಣ್ಣ ಕಿತ್ತು ಬೆಳ್ಳಿಯಂಥ ಗೀರು ಬಿದ್ದಿತ್ತು. ಮೂತಿಯಿಂದ ಅರ್ಧದವರೆಗೆ. ತಗಡು ಒಳಕ್ಕೆ ಬಗ್ಗಿತ್ತು, ತೂತಾಗಿರಲಿಲ್ಲ.

ಮಗಳು ಹಾರಿ ಬಂದಳು. "ಅಮ್ಮಾ, ಎಲ್ಲಿ ಹೋಗಿದ್ದೆ? ಮಾವ ಕೂಗಿ ಕೂಗಿ... ಅಯ್ಯೋ, ಏನಿದು ಅವತಾರ? ಚಪ್ಪಲಿ ಎಲ್ಲಿ?" ಅವಳನ್ನು ಹಿಡಿದುಕೊಂಡೆ. ಅಂಗೈ ಉರಿಯಿತು. ಉರಿಯಲಿ ಎಂದು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ. "ಬಿಡಮ್ಮಾ, ಎಲ್ಲರೂ ನೋಡ್ತಿದ್ದಾರೆ," ಎಂದಳು.

ಅಣ್ಣ ಇನ್ನೂ ಲಾಂಚಿನಲ್ಲೇ ನಿಂತಿದ್ದ, ಹಗ್ಗದ ತುದಿ ಕೈಯಲ್ಲಿ ಹಿಡಿದು. ಗುಡ್ಡದ ಕಡೆ ಬೆನ್ನು ಹಾಕಿದ್ದ. ಬೇಕೆಂದೇ ಹಾಕಿದ್ದ. ತುಟಿಯಲ್ಲಿ ರಕ್ತವೇ ಇರಲಿಲ್ಲ.

"ಕೈ ಇರ್ಲಿಲ್ಲ ಕಣೇ," ಎಂದ ಮೆತ್ತಗೆ, ಮಗಳಿಗೆ ಕೇಳಿಸದ ಹಾಗೆ. "ದಾಟಿಬಿಟ್ಟೆ ಅಂದ್ಕೊಂಡು ತಿರುಗ್ಸಿದೆ. ಮತ್ತೆ ನೋಡ್ತೀನಿ, ಕೈ ಇದೆ. ಎತ್ತಿದ್ಲು ಅವಳು. ನನ್ನ ಕಣ್ಣೆದುರಿಗೇ ಎತ್ತಿದ್ಲು. ನನಗೆ ತಲೆ ಕೆಟ್ಟಿದೆ. ಇಷ್ಟು ಜನರ ಜೀವ. ಇನ್ನು ನಾನು ಚುಕ್ಕಾಣಿ ಮುಟ್ಟಲ್ಲ. ಯಾರನ್ನಾದ್ರೂ ನೋಡ್ಕೊಳ್ಳಿ."

ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಹೇಳಲು ನನಗೆ ಬೇಕಾದಷ್ಟಿತ್ತು. ಗಂಟಲು ಒಡೆದಿತ್ತು, ಗಾಳಿ ಬಿಟ್ಟರೆ ಏನೂ ಬರಲಿಲ್ಲ. ಎರಡೂ ಅಂಗೈ ಬಿಚ್ಚಿ ಅವನ ಮುಂದೆ ಹಿಡಿದೆ.

ನೋಡಿದ. ಹಗ್ಗದ ಉರಿ ಯಾವುದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಮೇಲೆ ನಿಧಾನವಾಗಿ ತಲೆ ತಿರುಗಿಸಿ ಗುಡ್ಡ ನೋಡಿದ. ಮಂಜು ಹರಿದಿತ್ತು. ಕ್ರೇನು ಕೈಯನ್ನು ಇಳಿಸುತ್ತಿತ್ತು, ಗಾಳಿಗೆ ತೂಗಾಡುತ್ತ ಅದು ನಿಂತಮ್ಮನ ಸೊಂಟದ ಹತ್ತಿರ ಬಂದಿತ್ತು.

"ಎಷ್ಟು ಹೊತ್ತು ಹಿಡ್ಕೊಂಡಿದ್ದೆ?" ಎಂದ.

"ನೀನು ತಿರುಗೋವರೆಗೆ," ಎಂದೆ. ಅಷ್ಟು ಬಂತು.

ಅವನು ಲಾಂಚಿನಿಂದ ಇಳಿದ. ನಾನು ಹಗ್ಗಕ್ಕೆ ಕೈ ಚಾಚಿದೆ, ಅವನು ಕೊಡಲಿಲ್ಲ. ತಾನೇ ಗೂಟದ ಮುಂದೆ ಮೊಣಕಾಲೂರಿ ಕೂತು, ಮೂಗು ಒರೆಸಿಕೊಳ್ಳುತ್ತ, ಒಂದು ಸುತ್ತು, ಎರಡು ಸುತ್ತು ಹಾಕಿ ಗಂಟು ಬಿಗಿದ. ಇಷ್ಟು ವರ್ಷದಲ್ಲಿ ಅವನು ಆ ಕೆಲಸ ಮಾಡಿದವನಲ್ಲ. ಗಂಟು ತಪ್ಪಾಗಿತ್ತು, ಒಂದು ಅಲೆ ಬಂದರೆ ಬಿಚ್ಚಿಕೊಳ್ಳುತ್ತಿತ್ತು. ಅವನು ಆ ಸುಣ್ಣ ಬಳಿದ ಕಂಬವನ್ನು ದಡದಲ್ಲಿ ನೆಡಲು ಹೊತ್ತುಕೊಂಡು ಹೋದ ಮೇಲೆ, ಮಗಳಿಗೆ ತೋರಿಸಿ ಸರಿಯಾಗಿ ಕಟ್ಟಿಸಿದೆ.